ಹೋಳಿಗೆಗಾಗಿ ತಿರುಗಿ ಬಂದ ಬಸ್ಸು

ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಅಡಿಗೆ ಭೀಮಗೊಂಡನ ಮನೆ ಯಾವುದು ಎಂದು ಕೇಳಿದರೆ ಕನ್ನಡದಲ್ಲೂ ಹೇಳುತ್ತಾರೆ, ಮರಾಠಿಯಲ್ಲೂ ಹೇಳುತ್ತಾರೆ. ಅಲ್ಲಿಂದ ಬೆಳಗಾವಿಯವರೆಗೆ ಯಾವ ಜೈನರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ಭೀಮಗೊಂಡನಿಗೆ ಯಾವ ದಿನ ಬಿಡುವಿದೆ ಎಂದು ವಿಚಾರಿಸಿ, ಆಮೇಲೆ ಮಂಗಲ ಕಾರ್ಯಾಲಯ ಹಿಡಿಯುವುದು ರೂಢಿಯಾಗಿತ್ತು. ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಬಟಾಟೆ ಇಲ್ಲ. ಆದರೂ ಅವನ ಪಂಕ್ತಿಯಿಂದ ಎದ್ದವರು ಕೈ ತೊಳೆಯಲು ಮನಸ್ಸಾಗದೆ ಬೆರಳು ಮೂಸುತ್ತ ನಿಲ್ಲುತ್ತಿದ್ದರು.

ಅಡಿಗೆಗೆಂದು ಅವನು ಊರೂರು ತಿರುಗಿದ್ದ, ಆದರೆ ಯಾವ ಊರನ್ನೂ ನೋಡಿರಲಿಲ್ಲ. ಹೋದಲ್ಲೆಲ್ಲ ನೇರವಾಗಿ ಒಲೆಯ ಮುಂದೆ ಕೂಡುವುದು, ಕೆಲಸ ಮುಗಿದ ಕೂಡಲೆ ಕಂಬಳಿ ಹೊದ್ದು ಮಲಗುವುದು, ಎಬ್ಬಿಸಿದರೆ ಗಾಡಿ ಹತ್ತುವುದು. ತೊಂಬತ್ತಮೂರರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೂ ಹೋಗಿದ್ದ. ಬೆಟ್ಟದ ಬುಡದಲ್ಲೇ ಅಡಿಗೆಯ ಚಪ್ಪರ. ಅವನ ಹೆಂಡತಿ ಕಾಂತಾ ಇಂದಿಗೂ ಅದನ್ನು ಬಂದವರಿಗೆಲ್ಲ ಹೇಳುತ್ತಾಳೆ: "ಮುಗಲಿಗೆ ಹತ್ತಿದಂಥಾ ಗೋಮಟೇಶ್ವರ ನೋಡ್ರಿ, ಅದು ನಮ್ಮ ಮನಿಯವರಿಗೆ ಕಾಣಲಿಲ್ಲ. ತುಪ್ಪದ ಡಬ್ಬಿ ಅಷ್ಟೂ ಕಂಡೂವು."

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಇಂಥ ಮನುಷ್ಯನಿಗೆ ಯುರೋಪ್ ಪ್ರವಾಸ ಒದಗಿತು.

ಬೆಳಗಾವಿಯ ಮಹಾಂತೇಶ ನಗರದಲ್ಲಿ ನಮ್ಮ ಮನೆಯ ಎದುರಿಗೆ ಜಿನ್ನಪ್ಪ ಎಂಬ ಬಟ್ಟೆ ವ್ಯಾಪಾರಿಯ ಮನೆ. ಅವರು ಬೀಗರು, ಭಾವಂದಿರು, ಅಂಗಡಿಯ ಪಾಲುದಾರರು ಎಲ್ಲರನ್ನೂ ಸೇರಿಸಿ ಮುಂಬೈಯ ಒಂದು ಕಂಪನಿಯ ಮೂಲಕ ಯುರೋಪಿಗೆ ಹೊರಟರು. ಅವರ ತಾಯಿ ಪದ್ಮವ್ವನಿಗೆ ಎಪ್ಪತ್ತು ದಾಟಿತ್ತು. ಕಣ್ಣು, ಕಿವಿ, ಹಲ್ಲು ಮೂರೂ ನೆಟ್ಟಗಿದ್ದವು. ನಾಲಿಗೆಯೂ.

"ಅಲ್ಲಿ ನಾನೇನು ಗಾಳಿ ಕುಡದು ಇರ್ಲೇನು?" ಎಂದು ಮುದುಕಿ ಮಗನನ್ನು ಕೇಳಿತು. "ಭೀಮಗೊಂಡ ಬಂದ್ರ ನಾ ಬರ್ತೀನಿ. ಇಲ್ಲಾ, ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ."

ಹಾಗೆ ಭೀಮಗೊಂಡನಿಗೆ ಪಾಸ್‌ಪೋರ್ಟ್ ಆಯಿತು. ಅವನ ಜೊತೆ ಎರಡು ಕುಕ್ಕರು, ಹಿಟ್ಟಿನ ಚೀಲ, ಖಾರಪುಡಿ, ತುಪ್ಪ, ಒಂದು ದೊಡ್ಡ ಡಬ್ಬಿ ಶೇಂಗಾ ಹೋಳಿಗೆ ವಿಮಾನ ಹತ್ತಿದವು. ಕಾಂತಾ ಬೆಳಗಾವಿ ಬಸ್ ಸ್ಟ್ಯಾಂಡಿನವರೆಗೆ ಬಂದು, "ಈ ಸಲರೆ ಒಂದೇನರೆ ನೋಡ್ಕೊಂಡು ಬರ್ರಿ. ಮಂದಿ ಕೇಳಿದ್ರ ನಾ ಏನ್ ಹೇಳ್ಲಿ?" ಎಂದು ಕೈಮುಗಿಯುವ ಹಾಗೆ ಹೇಳಿ ಹೋದಳು.

ಮುಂದಿನ ಕತೆಯನ್ನು ನಾನು ಭೀಮಗೊಂಡನಿಂದಲೂ ಕೇಳಿದ್ದೇನೆ, ಜಿನ್ನಪ್ಪನವರಿಂದಲೂ ಕೇಳಿದ್ದೇನೆ. ಇಬ್ಬರ ಮಾತೂ ಕೂಡದ ಕಡೆ ಪದ್ಮವ್ವನ ಮಾತನ್ನು ನಂಬಿದ್ದೇನೆ.

ಅಲ್ಲಿ ಹೋದ ಮೇಲೆ ಮೊದಲ ತೊಂದರೆ ಸೂರ್ಯನಿಂದಲೇ ಬಂತು. ಪದ್ಮವ್ವ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವರಲ್ಲ. ಬೆಳಗಾವಿಯಲ್ಲಿ ಸಂಜೆಯ ಊಟ ಮುಗಿಸಿ ಜಪಕ್ಕೆ ಕುಳಿತರೆ ಮುಗಿಯಿತು. ಆ ದೇಶದಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವ ಮನಸ್ಸೇ ಮಾಡುತ್ತಿರಲಿಲ್ಲ. ರೂಢಿಯಂತೆ ಆರಕ್ಕೆ ಊಟ ಮಾಡಿದ ಮುದುಕಿ ಎಂಟಕ್ಕೆ ಕಿಟಕಿಯ ಪರದೆ ಸರಿಸಿ ನೋಡಿದರೆ ಹೊರಗೆ ಬಿಸಿಲು.

"ಭೀಮಾ, ಇನ್ನೂ ಹೊತ್ತು ಮುಣಗಿಲ್ಲಲ್ಲೋ. ಎರಡು ಚಪಾತಿ ಹಾಕು."

ಒಂಬತ್ತಾದರೂ ಬೆಳಕು. "ಒಂದ್ಚೂರು ಮೊಸರನ್ನ ಕಲಸು." ಅವರನ್ನು ನೋಡಿ ಉಳಿದ ಹೆಂಗಸರೂ ಎರಡೆರಡು ಸಲ ಉಣ್ಣತೊಡಗಿದರು. ವ್ರತಕ್ಕೆ ಒಂದಿಷ್ಟೂ ಭಂಗವಾಗಲಿಲ್ಲ, ಭೀಮಗೊಂಡನ ಸೊಂಟ ಮಾತ್ರ ಬಿದ್ದು ಹೋಯಿತು. ಹೋಟೆಲಿನವರು ತಮ್ಮ ಅಡಿಗೆಮನೆಯ ಒಂದು ಮೂಲೆಯನ್ನು ಸಂಜೆಗೂ ನಸುಕಿನಲ್ಲೂ ಅವನಿಗೆ ಬಿಟ್ಟುಕೊಡುತ್ತಿದ್ದರು. ನಸುಕಿನಲ್ಲೆದ್ದು ಮಧ್ಯಾಹ್ನದ ಬುತ್ತಿ ಕಟ್ಟಿ, ಬಸ್ಸಿನ ಕೊನೆಯ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದನೆಂದರೆ ಎಲ್ಲರೂ ಇಳಿದು ಏನೇನೋ ನೋಡಿ ಬರುವವರೆಗೆ ಅಲುಗುತ್ತಿರಲಿಲ್ಲ. ಐಫೆಲ್ ಟವರ್ ನೋಡಿದೆಯಾ ಎಂದು ಆಮೇಲೆ ಖಾನಾಪುರದಲ್ಲಿ ಯಾರೋ ಕೇಳಿದಾಗ ಅವನು ಪ್ರಾಮಾಣಿಕವಾಗಿ ಹೇಳಿದ: "ಬಸ್ಸಿನ ಕಿಡಕ್ಯಾಗಿಂದ ಕಾಲು ಕಂಡೂವು. ಮ್ಯಾಲಿಂದು ಕಾಣಲಿಲ್ರಿ."

ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ ಬಹಳ ಹಳೆಯ ಚರ್ಚೊಂದನ್ನು ನೋಡುವುದಿತ್ತು. ಊರಿನ ಹೆಸರು ಭೀಮಗೊಂಡನ ಬಾಯಿಗೆ ಬರಲೇ ಇಲ್ಲ, ಜಿನ್ನಪ್ಪನವರಿಗೆ ಬಂದರೂ ದಿನಕ್ಕೊಂದು ರೀತಿ ಬರುತ್ತದೆ. ಚರ್ಚಿನ ಹಿಂದಿನ ತೋಟದಲ್ಲಿ ಊಟ ಎಂದು ಗೊತ್ತಾಗಿದ್ದರಿಂದ ಅವತ್ತು ಭೀಮಗೊಂಡ ಬುತ್ತಿಯ ಡಬ್ಬಿಗಳಿದ್ದ ದೊಡ್ಡ ಚೀಲ ಹೊತ್ತು ಎಲ್ಲರ ಹಿಂದೆ ಇಳಿಯಬೇಕಾಯಿತು. ಬಸ್ಸಿನ ತನ್ನ ಸೀಟಿನಲ್ಲಿ ದೊಡ್ಡ ಕುಕ್ಕರನ್ನು ಇಟ್ಟು, ಯಾರೂ ಕದಿಯದಿರಲಿ ಎಂದು ಕಂಬಳಿ ಮುಚ್ಚಿ ಬಂದ.

ಮುಂಬೈ ಕಂಪನಿಯ ಗೈಡ್ ಮೇಘಾ ಎಂಬ ತರುಣಿ. ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ವಿವರಿಸಿದಳು: ಇದು ಎಂಟುನೂರು ವರ್ಷದ ಹಿಂದಿನ ಕಟ್ಟಡ, ಈ ಶೈಲಿಗೆ ಗೋಥಿಕ್ ಎನ್ನುತ್ತಾರೆ, ಕಮಾನುಗಳು ನಮ್ಮಲ್ಲಿಯ ಹಾಗೆ ಗುಂಡಗಿರದೆ ತುದಿಯಲ್ಲಿ ಚೂಪಾಗಿವೆ, ನೋಡಿ.

"ಗೋಥಿಕ್ ಅಂದ್ರ ಅದು ಯಾರ ಗೋತ್ರನ?" ಎಂದು ಪದ್ಮವ್ವ ಮಗನನ್ನು ಕೇಳಿದರು.

"ಗೋತ್ರ ಅಲ್ಲವ್ವಾ, ಕಟ್ಟೋ ಪದ್ಧತಿ."

ಮೇಘಾ ಬೇಡವೆಂದರೂ ಭೀಮಗೊಂಡ ಚಪ್ಪಲಿ ಬಾಗಿಲಲ್ಲೇ ಬಿಟ್ಟ. ಒಳಗಿನ ಕಲ್ಲು ಮಂಜುಗಡ್ಡೆಯಂತೆ ಕೊರೆಯಿತು. ಎಲ್ಲರೂ ನಡುವಿನ ಸಾಲಿನಲ್ಲಿ ಮುಂದೆ ಹೋದರೆ ಇವನು ಬಸದಿಯ ರೂಢಿಯಂತೆ ಪ್ರದಕ್ಷಿಣೆಗೆಂದು ಬಾಜುವಿಗೆ ಸರಿದ. ನೋಡಿದರೆ, ಪೂಜಾಸ್ಥಾನದ ಹಿಂಭಾಗದಿಂದ ಸುತ್ತಿ ಬರಲು ಖರೇನೇ ಒಂದು ದಾರಿ ಇತ್ತು. ಅವನಿಗೆ ಒಳಗೊಳಗೇ ಖುಷಿಯಾಯಿತು. ಕಟ್ಟಿದವರು ತಿಳಿದವರು ಅಂದುಕೊಂಡ.

ಆ ಸುತ್ತಿನ ನಡುವೆ, ಚೀಲ ಭಾರವಾಯಿತೆಂದು ಒಂದು ಕಂಬಕ್ಕೆ ಒರಗಿ ನಿಂತಾಗ, ಭೀಮಗೊಂಡ ತಲೆ ಎತ್ತಿದ.

ಅಷ್ಟು ಎತ್ತರವನ್ನು ಅವನು ಯಾವ ಕಟ್ಟಡದೊಳಗೂ ಕಂಡಿರಲಿಲ್ಲ. ಕಂಬಗಳು ಖಾನಾಪುರದ ಅಡವಿಯ ಸಾಗವಾನಿ ಮರಗಳಂತೆ ನೆಟ್ಟಗೆ ಮೇಲೇರಿ, ತುದಿಯಲ್ಲಿ ಟೊಂಗೆಯೊಡೆದು, ಎದುರಿನ ಕಂಬದ ಟೊಂಗೆಯನ್ನು ಹೋಗಿ ಮುಟ್ಟಿದ್ದವು. ಕಲ್ಲಿನ ಟೊಂಗೆಗಳು. ಕಿಟಕಿಯ ಬಣ್ಣದ ಗಾಜಿನಿಂದ ಇಳಿದ ಬೆಳಕು ಅವನ ಬಿಳಿ ಅಂಗಿಯ ತೋಳಿನ ಮೇಲೆ ಕೆಂಪಾಗಿ, ಹಳದಿಯಾಗಿ ಬಿದ್ದಿತ್ತು. ಮೊದಲು ಅವನು ಅರಿಸಿನ-ಕುಂಕುಮದ ಕಲೆ ಎಂದುಕೊಂಡು ಒರೆಸಿಕೊಂಡ. ಹೋಗಲಿಲ್ಲ. ಕೈ ಸರಿಸಿದರೆ ಬಣ್ಣ ಕೈಮೇಲೆ ಬಂತು. ಆಗ ತಿಳಿಯಿತು. ತಲೆ ಇನ್ನಷ್ಟು ಹಿಂದಕ್ಕೆ ಬಾಗಿಸಿದ, ಟೋಪಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಎಷ್ಟು ಹೊತ್ತು ನಿಂತಿದ್ದೆ?" ಎಂದು ನಾನು ಕೇಳಿದ್ದೆ.

"ಗೊತ್ತಿಲ್ರಿ. ಅವತ್ತಿನ ತನಕಾ ಒಲಿ ಮ್ಯಾಲೆ ಏನರೆ ಇಟ್ಟೇನಿ ಅನ್ನೋ ಖಬರಿಲ್ಲದ ನಾ ಒಂದು ಕಡೆ ನಿಂತಾವಲ್ಲ."

ಅಷ್ಟರಲ್ಲಿ ಹೊರಗೆ ಮಳೆ ಶುರುವಾಯಿತು. ಆ ಚರ್ಚಿನ ಸೂರಿಗೆ ಸುತ್ತಲೂ ಕಲ್ಲಿನ ವಿಕಾರ ಪ್ರಾಣಿಗಳನ್ನು ಕೂರಿಸಿದ್ದರು. ಅವು ಮಳೆ ನೀರಿನ ಹರನಾಳಿಗೆಗಳು. ಎಲ್ಲವೂ ಕತ್ತು ಚಾಚಿ ಒಮ್ಮೆಲೇ ನೀರು ಕಾರತೊಡಗಿದಾಗ ಹೊರಗೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಬೀಗರು, ಭಾವಂದಿರು ಸೀರೆ-ಧೋತರ ಎತ್ತಿ ಹಿಡಿದು ಬಸ್ಸಿಗೆ ಓಡಿದರು. ತೋಟದ ಊಟ ರದ್ದಾಯಿತು, ಮುಂದಿನ ನಿಲುಗಡೆಯಲ್ಲಿ ಉಣ್ಣುವುದೆಂದಾಯಿತು. ಮೇಘಾ ತಲೆ ಎಣಿಸಿದಳು. ಕೊನೆಯ ಸೀಟಿನಲ್ಲಿ ಕಂಬಳಿ ಹೊದ್ದ ಆಕೃತಿ ಎಂದಿನಂತೆ ದುಂಡಗೆ ಇತ್ತು. ಬಸ್ಸು ಹೊರಟಿತು.

ಭೀಮಗೊಂಡ ಪ್ರದಕ್ಷಿಣೆ ಮುಗಿಸಿ ಬಂದು ನೋಡಿದರೆ ಚರ್ಚಿನಲ್ಲಿ ತನ್ನವರು ಯಾರೂ ಇಲ್ಲ. ಬಾಗಿಲಿಗೆ ಬಂದ. ಬಸ್ಸಿಲ್ಲ. ಮತ್ತೆ ಒಳಗೆ ಓಡಿ, ಎಲ್ಲಾದರೂ ಮೂಲೆಯಲ್ಲಿ ಇದ್ದಾರೇನೋ ಎಂದು ಎದೆತುಂಬಿ ಕೂಗಿದ:

"ಸಾವ್ಕಾರ್ರೀ!"

"ರೀ... ರೀ... ರೀ..." ಎಂದಿತು ಮಾಳಿಗೆ.

ಎಷ್ಟು ಮರ್ಯಾದೆಯಿಂದ ಓಗೊಟ್ಟರೂ ಅದರಿಂದ ಉಪಯೋಗವಾಗಲಿಲ್ಲ. ಇನ್ನೊಮ್ಮೆ ಕೂಗಲು ಬಾಯಿ ತೆರೆಯುವಷ್ಟರಲ್ಲಿ ತಲೆಯ ಮೇಲಿಂದ ಭಯಂಕರ ನಾದವೊಂದು ಹೊರಟು ನೆಲವೆಲ್ಲ ನಡುಗಿತು. ಕಟ್ಟಡ ಬೀಳುತ್ತಿದೆ ಎಂದುಕೊಂಡು ಭೀಮಗೊಂಡ ಡಬ್ಬಿಯ ಚೀಲ ಅವುಚಿಕೊಂಡು ಬೆಂಚಿನ ಕೆಳಗೆ ಕುಳಿತ. ಬೀಳುತ್ತಿರಲಿಲ್ಲ. ಮೇಲಿನ ಅಟ್ಟದಲ್ಲಿ ಒಬ್ಬ ಮುದುಕಿ ಆರ್ಗನ್ ವಾದ್ಯ ಅಭ್ಯಾಸ ಮಾಡುತ್ತಿದ್ದಳು. ನಮ್ಮ ಹಾರ್ಮೋನಿಯಂನ ಮುತ್ತಜ್ಜ ಎನ್ನಬಹುದಾದ ಆ ವಾದ್ಯದ ಕೊಳವೆಗಳು ಗೋಡೆಯುದ್ದಕ್ಕೂ ನಿಂತಿದ್ದವು.

ಬೆಂಚಿನ ಕೆಳಗಿಂದ ಅವನನ್ನು ಹೊರಗೆ ಕರೆದವನು ಬೀಗದ ಕೈ ಗೊಂಚಲು ಹಿಡಿದ ಒಬ್ಬ ಮುದುಕ. ಬಿದ್ದ ಟೋಪಿಯನ್ನೂ ಎತ್ತಿ ತಂದಿದ್ದ. ಏನೋ ಕೇಳಿದ. ಭೀಮಗೊಂಡ ಕನ್ನಡದಲ್ಲಿ ತನ್ನ ಸಂಕಟವನ್ನೆಲ್ಲ ಹೇಳಿದ. ಮುದುಕನಿಗೆ ತಿಳಿಯಲಿಲ್ಲ. ಸರಿ, ಕನ್ನಡ ಬಾರದವನಿರಬೇಕೆಂದು ಮರಾಠಿಯಲ್ಲಿ ಹೇಳಿದ. ಆಗಲೂ ತಿಳಿಯಲಿಲ್ಲ. ಖಾನಾಪುರದಲ್ಲಿ ಎರಡರಲ್ಲೊಂದು ತಿಳಿಯದ ಮನುಷ್ಯನನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮುದುಕ ಕಿವುಡನಿರಬೇಕೆಂದು ಅವನ ಮೇಲೇ ಕನಿಕರಪಟ್ಟ.

ಚರ್ಚಿನ ಬಾಜುವಿಗೆ ಒಂದು ಕೋಣೆಯಿತ್ತು. ಯಾರದೋ ಮದುವೆಗೆಂದು ಹೂ ಜೋಡಿಸಲು ಬಂದಿದ್ದ ಹತ್ತು-ಹದಿನೈದು ಹೆಂಗಸರು ಅಲ್ಲಿ ಊಟಕ್ಕೆ ಕುಳಿತಿದ್ದರು. ಆರ್ಗನ್ ಮುದುಕಿಯೂ ಇಳಿದು ಬಂದಳು. ಇವನಿಗೆ ಕುರ್ಚಿ ಕೊಟ್ಟರು, ಬಿಸಿ ನೀರು ಕೊಟ್ಟರು, ತಮ್ಮ ಬ್ರೆಡ್ಡು, ಅದರ ನಡುವಿನ ಮಾಂಸದ ತುಂಡು ಮುಂದಿಟ್ಟರು. ಭೀಮಗೊಂಡ ಕೈಮುಗಿದು ಕುರ್ಚಿಯನ್ನು ಹಿಂದೆ ಸರಿಸಿದ. ಅವರ ಮುಖ ಸಣ್ಣದಾಯಿತು. ತಪ್ಪು ತಿಳಿಯಬಾರದೆಂದು ಇವನು ಚೀಲ ಬಿಚ್ಚಿ ಡಬ್ಬಿ ತೋರಿಸಿದ: "ನಂದೈತ್ರಿ ಊಟ, ನಂದೈತ್ರಿ."

ಡಬ್ಬಿಯ ಮುಚ್ಚಳ ತೆಗೆದದ್ದೇ ಆಯಿತು. ಕೋಣೆಯೆಲ್ಲ ತುಪ್ಪ-ಬೆಲ್ಲ-ಶೇಂಗಾದ ಘಮಘಮ. ಹೆಂಗಸರು ಬಾಯಲ್ಲಿದ್ದ ಬ್ರೆಡ್ಡನ್ನು ಅಗಿಯುವುದು ನಿಲ್ಲಿಸಿ ನೋಡತೊಡಗಿದರು. ಎದುರಿಗೆ ಜನ ಕುಳಿತು ನೋಡುತ್ತಿರುವಾಗ ಒಬ್ಬನೇ ಉಣ್ಣುವುದು ಹೇಗೆ? ಒಂದೊಂದು ಹೋಳಿಗೆಯನ್ನು ನಾಲ್ಕು ಮಾಡಿ ಹಂಚಿದ. ಅವರು ತಿಂದು, ಒಬ್ಬರ ಮುಖ ಒಬ್ಬರು ನೋಡಿ, ಏನೋ ಒಂದು ಶಬ್ದ ಮಾಡಿದರು. ಭಾಷೆ ಯಾವುದಾದರೇನು, ಆ ಶಬ್ದದ ಅರ್ಥ ಭೀಮಗೊಂಡನಿಗೆ ಗೊತ್ತಿತ್ತು. ಅಲ್ಲಿಗೆ ಅವನ ಕೈ ಅವನ ಹಿಡಿತ ತಪ್ಪಿತು.

ಎಲ್ಲರ ತಟ್ಟೆ ಸರಿಪಡಿಸಿ, ಎಡಕ್ಕೆ ಉಪ್ಪು, ಗುರೆಳ್ಳು ಚಟ್ನಿ, ಬಲಕ್ಕೆ ಹೆಸರುಕಾಳಿನ ಪಲ್ಯ, ಮಡಚಿದ ಚಪಾತಿ, ಮೇಲೆ ತುಪ್ಪ. ಪಂಕ್ತಿಯಲ್ಲಿ ನಡೆಯುವಂತೆ ಸೊಂಟ ಬಗ್ಗಿಸಿ ಸುತ್ತು ಹೊಡೆದ. "ಹಾಕಿಸ್ಕೋರಿ, ನಾಚಬ್ಯಾಡ್ರಿ, ನಿಮ್ಮದ ಮನಿ ಅಂತ ತಿಳ್ಕೋರಿ" ಎಂದು ಅವರ ಚರ್ಚಿನಲ್ಲಿ ಅವರಿಗೇ ಉಪಚಾರ ಹೇಳಿದ. ಆರ್ಗನ್ ಮುದುಕಿ ಚಟ್ನಿಯನ್ನು ಚಮಚದಲ್ಲಿ ತಿಂದು ಬಿಕ್ಕಳಿಸಿ ಕಣ್ಣೀರಿಟ್ಟಳು. ಅವಳಿಗೆ ಮೊಸರು ಕುಡಿಸಿ ತಲೆ ತಟ್ಟಿದ. ಬೀಗದ ಕೈ ಮುದುಕ ನಾಲ್ಕನೆಯ ಹೋಳಿಗೆಗೆ ಬೇಡವೆನ್ನಲು ಕೈ ಅಡ್ಡ ಹಿಡಿದಾಗ, ನಮ್ಮಲ್ಲಿ ಮಾಡುವಂತೆ, ಕೈಯ ಮೇಲೆಯೇ ಹಾಕಿದ.

ಇತ್ತ ಬಸ್ಸು ಬಹಳ ದೂರ ಹೋದ ಮೇಲೆ, ಮಳೆ ನಿಂತದ್ದರಿಂದ, ಒಂದು ಪೆಟ್ರೋಲ್ ಬಂಕಿನ ಹುಲ್ಲಿನ ಮೇಲೆ ಎಲ್ಲರೂ ಚಾಪೆ ಹಾಸಿ ಕುಳಿತರು. ಜಿನ್ನಪ್ಪ ಕೊನೆಯ ಸೀಟಿಗೆ ಹೋಗಿ, "ಏಳೋ ಭೀಮಗೊಂಡಾ, ಹಸಿವ್ಯಾಗೇತಿ" ಎಂದು ಕಂಬಳಿ ಎಳೆದರು. ಕುಕ್ಕರು ತಣ್ಣಗೆ ಕುಳಿತಿತ್ತು.

ಮೇಘಾ ಅಳುವುದೊಂದು ಬಾಕಿ. ತಿರುಗಿ ಹೋದರೆ ಸಂಜೆಯ ದೋಣಿ ವಿಹಾರ ತಪ್ಪುತ್ತದೆ, ಚರ್ಚಿಗೆ ಫೋನ್ ಮಾಡಿ ಅವನನ್ನು ರೈಲಿನಲ್ಲಿ ಕರೆಸಿಕೊಳ್ಳೋಣ ಎಂದಳು. ಒಬ್ಬಿಬ್ಬರು ಭಾವಂದಿರು ಹೌದೆಂದರು.

"ಬುತ್ತಿ?" ಎಂದರು ಪದ್ಮವ್ವ.

ಬುತ್ತಿ ಅವನ ಬಳಿಯೇ ಇತ್ತು. ಬಸ್ಸು ಅಲ್ಲಿಂದಲೇ ತಿರುಗಿತು. ತನಗಾಗಿ ತಿರುಗಿತೆಂದು ಭೀಮಗೊಂಡ ನಂಬಿದ್ದಾನೆ. ಜಿನ್ನಪ್ಪನವರೂ, "ನಮ್ಮ ಮನಷ್ಯಾನ್ನ ಬಿಟ್ಟು ಹೋಗಾಕ ಆಗ್ತೈತೇನ್ರಿ?" ಎನ್ನುತ್ತಾರೆ. ಪದ್ಮವ್ವ ಮಾತ್ರ, "ಸುಳ್ಳ ಹೇಳಬ್ಯಾಡಾ. 'ಹೋಳಗಿ ಅಲ್ಲೇ ಅದಾವು, ತಿರಗಸ್ರಿ' ಅಂದಿ ನೀ" ಎಂದು ಮಗನ ಮುಖಕ್ಕೇ ಹೇಳುತ್ತಾರೆ.

ಹಸಿದು ಕಂಗಾಲಾದ ತಂಡ ಚರ್ಚಿನ ಬಾಜುವಿನ ಕೋಣೆಗೆ ನುಗ್ಗಿದಾಗ, ಹೆಂಗಸರು ಡಬ್ಬಿಗಳನ್ನು ತೊಳೆದು, ಒರೆಸಿ, ಕನ್ನಡಿಯಂತೆ ಹೊಳೆಯಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಜಿನ್ನಪ್ಪ ಒಂದೊಂದನ್ನೇ ತೆರೆದು ನೋಡಿದರು. ಕೊನೆಯದನ್ನು ಎರಡು ಸಲ ನೋಡಿದರು.

"ಏನೋ ಇದು?"

"ಅತಿಥಿಗಳಿಗೆ ಬಡಿಸಿದ್ನಿರಿ ಸಾವ್ಕಾರ್ರ."

"ಅತಿಥಿ ಯಾರೋ? ಅವರೋ, ನೀನೋ?"

ಜಿನ್ನಪ್ಪನವರ ಧ್ವನಿ ಮಾಳಿಗೆಗೆ ಮುಟ್ಟುವಷ್ಟು ಏರಿತು. ಆ ಊರಿನವರಿಗೆ ಮಾತು ತಿಳಿಯದಿದ್ದರೂ ಖಾಲಿ ಡಬ್ಬಿ, ಕೆಂಪು ಮುಖ, ಚಾಪೆ ಹಿಡಿದು ನಿಂತ ಹೆಂಗಸರು, ಇವುಗಳಿಂದ ವಿಷಯ ತಿಳಿಯಿತು. ಯಾರ ಊಟವನ್ನು ತಾವು ಉಂಡೆವೆಂದು ಗೊತ್ತಾಗಿ ಬೀಗದ ಕೈ ಮುದುಕ ತಲೆಯ ಮೇಲೆ ಕೈಯಿಟ್ಟುಕೊಂಡ. ಆರ್ಗನ್ ಮುದುಕಿ ಓಡಿಹೋಗಿ ಒಳಗಿನ ಸಣ್ಣ ಅಡಿಗೆಮನೆಯ ಬಾಗಿಲು ತೆರೆದು ಒಲೆ ತೋರಿಸಿದಳು. ಇನ್ನೊಬ್ಬಳು ಬುಟ್ಟಿಗಟ್ಟಲೆ ಚೆರಿ ಹಣ್ಣು ತಂದಳು.

ಬಸ್ಸಿನಿಂದ ಕುಕ್ಕರು, ಅಕ್ಕಿ, ಬೇಳೆ ಬಂದವು. ಪಾತ್ರೆ-ಒಲೆ ಎಲ್ಲ ತೊಳೆಸಿ ಪದ್ಮವ್ವ ಒಪ್ಪಿಗೆ ಕೊಟ್ಟ ಮೇಲೆ ಭೀಮಗೊಂಡ ಖಿಚಡಿಗೆ ಇಟ್ಟ. ಕುಕ್ಕರು ಮೊದಲ ಸೀಟಿ ಹೊಡೆದಾಗ ಹೂವಿನ ಹೆಂಗಸರೆಲ್ಲ ಅಂಗಳಕ್ಕೆ ಓಡಿದರು. ಎರಡನೆಯ ಸೀಟಿಗೆ ಬೀಗದ ಕೈ ಮುದುಕ ನೀರಿನ ಬಕೆಟ್ಟು ಹಿಡಿದು ಬಂದ.

ಅದು ಬೇಯುವವರೆಗೆ ಮಾಡಲು ಯಾರಿಗೂ ಕೆಲಸವಿರಲಿಲ್ಲ. ಪದ್ಮವ್ವ ಎದ್ದು ಒಬ್ಬರೇ ಚರ್ಚಿನೊಳಗೆ ಹೋದರು. ಬೆಳಿಗ್ಗೆ ಮಗನ ಕೈಹಿಡಿದು ಅವಸರದಲ್ಲಿ ನೋಡಿದ್ದಷ್ಟೆ. ಈಗ ಬೆಂಚಿನ ಮೇಲೆ ಕುಳಿತು ಸಾವಕಾಶ ನೋಡಿದರು. ಕರೆಯಲು ಹೋದ ಭೀಮಗೊಂಡ ಬಾಜುವಿಗೆ ನಿಂತ.

"ಎಂಟನೂರು ವರ್ಷ ಅಂದ್ಳಲ್ಲ ಆ ಹುಡಿಗಿ?"

"ಹೂಂ ಅವ್ವಾರ."

"ಹಂಗಾರ ಇದು ನಮ್ಮ ಬೆಳಗಾವಿ ಕ್ವಾಟ್ಯಾಗಿನ ಕಮಲ ಬಸದಿ ವಾರಿಗಿ. ಅಲ್ಲಿ ನಮ್ಮವರು ಕಲ್ಲು ಹೊರಾಕತ್ತಾಗ ಇಲ್ಲಿ ಇವರೂ ಹೊರಾಕತ್ತಿದ್ರು." ಮುದುಕಿ ಅವನ ಕಡೆ ತಿರುಗಿ ಕೇಳಿದರು: "ಕಮಲ ಬಸದಿ ಮಾಡಿನ ಕೆತ್ತನಿ ನೋಡಿಯಲ್ಲ ನೀ?"

ಭೀಮಗೊಂಡ ಕಮಲ ಬಸದಿಯ ಕಾರ್ಯಗಳಿಗೆ ಇಪ್ಪತ್ತು ವರ್ಷದಿಂದ ಅಡಿಗೆ ಮಾಡುತ್ತಿದ್ದ.

"ಇಲ್ರಿ ಅವ್ವಾರ," ಎಂದ.

ದೋಣಿ ವಿಹಾರ ತಪ್ಪಿತು. ಜಿನ್ನಪ್ಪ ಸ್ವಿಟ್ಜರ್ಲೆಂಡ್ ದಾಟುವವರೆಗೆ ಭೀಮಗೊಂಡನ ಜೊತೆ ಮಾತಾಡಲಿಲ್ಲ, ಉಪ್ಪು ಬೇಕಾದರೂ ಹೆಂಡತಿಯ ಮೂಲಕ ಕೇಳಿದರು.

ಊರಿಗೆ ಬಂದ ಮೇಲೆ ಖಾನಾಪುರದ ಚಹಾದಂಗಡಿಯಲ್ಲಿ ಯುರೋಪಿನ ಬಗ್ಗೆ ಯಾರು ಏನು ಕೇಳಿದರೂ ಭೀಮಗೊಂಡ ಅದೊಂದೇ ಚರ್ಚಿನ ಕತೆ ಹೇಳತೊಡಗಿದ. ಮೂರು ತಿಂಗಳಲ್ಲಿ ಅದರ ಕಂಬಗಳು ಇನ್ನಷ್ಟು ಎತ್ತರವಾದವು. ಕಾಂತಾಗೆ ಕೇಳಿ ಕೇಳಿ ಸಾಕಾಗಿ, "ಅಂಥಾದ್ದು ನಮ್ಮ ಕ್ಯಾಂಪಿನ್ಯಾಗೂ ಒಂದೈತಂತ. ನಡ್ರಿ, ತೋರಸ್ರಿ" ಎಂದು ಹಟ ಹಿಡಿದಳು. ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಬ್ರಿಟಿಷರ ಕಾಲದ ಚೂಪು ಕಮಾನಿನ ಚರ್ಚು ಇದೆ. ಅದರ ಮುಂದೆ ಕಾಯಿಪಲ್ಲೆಯ ಟೆಂಪೋದಲ್ಲಿ ಅವನು ಸಾವಿರ ಸಲ ಹಾದುಹೋಗಿದ್ದ.

ಇಬ್ಬರೂ ಹೋದರು. ಭೀಮಗೊಂಡ ಒಳಗೆ ಕಾಲಿಟ್ಟವನೇ ಕೈ ಬೆನ್ನಿಗೆ ಕಟ್ಟಿ, ಮೇಘಾ ಹೇಳಿದ್ದನ್ನೆಲ್ಲ ಹೆಂಡತಿಗೆ ಒಪ್ಪಿಸಿದ. "ಇದು ಭಾಳ ಹೊಸಾದು ನೋಡು. ನೂರೈವತ್ತು ವರ್ಷನೂ ಆಗಿರಲಿಕ್ಕಿಲ್ಲ. ಪದ್ಧತಿ ಮಾತ್ರ ಅದೇ ಐತಿ. ಇಲ್ಲಿ ನಿಂತು ಒದರಿದ್ರ ಮಾಳಗಿ ತಿರುಗಿ ಮಾತಾಡ್ತೈತಿ, ಕೇಳು." ಎದೆತುಂಬಿ ಕೂಗಿದ: "ಸಾವ್ಕಾರ್ರೀ!"

"ಏನ್ ಬೇಕಾಗಿತ್ರೀ? ಯಾಕ ಒದರಾಕತ್ತೀರಿ?" ಎಂದು ಹಿಂದಿನ ಬಾಗಿಲಿನಿಂದ ಕಾವಲುಗಾರ ಬಂದ.

ಕಾಂತಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಅವಳೂ ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಹೊರಗೆ ಬಂದು, "ಛಲೋ ಐತಿ. ಆದ್ರ ಇದಕ್ಕ ವಿಮಾನ ಯಾಕ ಬೇಕಾಗಿತ್ರಿ? ಟೆಂಪೋ ಸಾಕಿತ್ತು" ಎಂದಳು.

ಅಲ್ಲಿಂದ ಕೋಟೆಗೆ ಹೋಗಿ ಕಮಲ ಬಸದಿ ನೋಡಿದರು. ಮಾಡಿನಿಂದ ಇಳಿಬಿದ್ದ ಕಲ್ಲಿನ ಕಮಲದ ಕೆಳಗೆ ಭೀಮಗೊಂಡ ಎಷ್ಟು ಹೊತ್ತು ನಿಂತನೆಂದರೆ ಮರುದಿನ ಕತ್ತು ತಿರುಗಲಿಲ್ಲ, ಕಾಂತಾ ಕೊಬ್ಬರಿಎಣ್ಣೆ ತಿಕ್ಕಬೇಕಾಯಿತು. ಅದಾದ ಮೇಲೆ ಮದುವೆಯಿಲ್ಲದ ತಿಂಗಳುಗಳಲ್ಲಿ ಇಬ್ಬರೂ ದೇಗಾಂವಿಗೆ ಹೋದರು, ಹಲಸಿಗೆ ಹೋದರು. ಎರಡೂ ಖಾನಾಪುರದ ಆಸುಪಾಸಿನ ಹಳೆಯ ಗುಡಿಗಳ ಊರುಗಳೇ. ಗುಡಿ ಯಾರದಾದರೂ ಸರಿ, ಹಳೆಯ ಕಲ್ಲಿನದಾಗಿದ್ದರೆ ಸಾಕಿತ್ತು.

ಮುಂದಿನ ವರ್ಷ ಜಿನ್ನಪ್ಪ ರಾಜಸ್ಥಾನದ ಕಡೆ ಜಿನಾಲಯಗಳ ಯಾತ್ರೆ ಏರ್ಪಡಿಸಿದರು. ಭೀಮಗೊಂಡನನ್ನು ಕರೆದೊಯ್ಯುವುದು ಬೇಡವೆಂದರು. ಅವನಿಲ್ಲದೆ ತಾವೂ ಬರುವುದಿಲ್ಲ ಎಂದರು ಪದ್ಮವ್ವ. ಕೊನೆಗೆ ಅವನನ್ನು ಮಹಾಂತೇಶ ನಗರಕ್ಕೆ ಕರೆಸಿ ಜಿನ್ನಪ್ಪ ಒಂದೇ ಕರಾರು ಹಾಕಿದರು. ನಾನೂ ಅಲ್ಲೇ ಇದ್ದೆ.

"ಬಾ. ಆದ್ರ ಬಸ್ಸಿನಿಂದ ಕೆಳಗ ಇಳಿಯಾಂಗಿಲ್ಲ."

ಮೂವತ್ತು ವರ್ಷ ಸಾವ್ಕಾರ್ರ ಮಾತಿಗೆ ಎದುರಾಡದ ಭೀಮಗೊಂಡ ಟೋಪಿ ಸರಿಮಾಡಿಕೊಂಡ. "ಇಳಿಯಾಂಗಿಲ್ಲಂದ್ರ ನಾ ಬರಾಂಗಿಲ್ರಿ."

ಜಿನ್ನಪ್ಪ ಬೆಪ್ಪಾಗಿ ತಾಯಿಯ ಕಡೆ ನೋಡಿದರು. ಪದ್ಮವ್ವ ಜಪಮಾಲೆ ಎಣಿಸುತ್ತಲೇ, "ಇಳೀಲಿ ಬಿಡು. ನನ್ನ ಕೈ ಹಿಡಿಯಾಕ ಒಬ್ರು ಬೇಕಲ್ಲ" ಎಂದರು.

"ಮತ್ತ ನಾನು?" ಎಂದಳು ಬಾಗಿಲಲ್ಲಿ ನಿಂತಿದ್ದ ಕಾಂತಾ. ಅವಳು ಬಂದದ್ದನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. "ಚಪಾತಿ ನಾ ಲಟ್ಟಸ್ತೀನಿ. ನನ್ನೂ ಕರಕೊಂಡು ಹೋಗ್ರಿ."

ಇಬ್ಬರೂ ಹೋದರು. ಮೌಂಟ್ ಅಬುವಿನ ಗುಡಿಗಳಲ್ಲಿ ಆ ಸಲ ಮಧ್ಯಾಹ್ನದ ಊಟ ದಿನವೂ ತಡವಾಯಿತಂತೆ. ಜಿನ್ನಪ್ಪ ಹಸಿದು ಒಳಗೆ ಹುಡುಕಿಕೊಂಡು ಹೋದರೆ, ಅಮೃತಶಿಲೆಯ ಮಾಡಿನ ಕೆಳಗೆ ಅಡಿಗೆಯವನು, ಅವನ ಹೆಂಡತಿ, ನಡುವೆ ತಮ್ಮ ತಾಯಿ, ಮೂವರೂ ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದರು. ಬೈಯುವುದಕ್ಕೆಂದು ಹತ್ತಿರ ಹೋದವರು ತಾವೂ ಒಮ್ಮೆ ತಲೆ ಎತ್ತಿದರು. ಅವತ್ತು ತಂಡದವರಿಗೆಲ್ಲ ಊಟ ಸಿಕ್ಕಾಗ ಹೊತ್ತು ಇಳಿಯುತ್ತ ಬಂದಿತ್ತು.